ನಂಬಿಕೆ ಇರುವಾಗಲೇ ನೋಂದಣಿ ಮಾಡಿಸಿ

ಮದುವೆಯಾಗದೆ ಆರು ವರ್ಷ ಜೊತೆಗಿದ್ದೆವು, ಈಗ ಬೇರೆಯಾಗುತ್ತಿದ್ದೇವೆ, ಅವರು ಮುಂದಿನ ತಿಂಗಳು ಪುಣೆಗೆ ಹೋಗುತ್ತಾರೆ, ಜಂಟಿ ಹೆಸರಿನ ಮನೆಯಲ್ಲಿ ಕೆಳಗಿನದು ಅವರಿಗೆ, ಮೇಲಿನದು ನನಗೆ ಎಂದು ಬಾಂಡ್ ಪೇಪರಿನ ಮೇಲೆ ಬರೆದುಕೊಂಡರೆ ಸಾಲದೇ, ನಮ್ಮಲ್ಲಿ ನಂಬಿಕೆಗೆ ಕೊರತೆಯಿಲ್ಲ ಎಂದು ಕೇಳಿದ್ದೀರಿ. ಸಾಲದು. ನಮ್ಮಲ್ಲೂ ನಂಬಿಕೆಗೆ ಕೊರತೆ ಇರಲಿಲ್ಲ.

2015ರಲ್ಲಿ ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ 30×40ರ ನಿವೇಶನದಲ್ಲಿದ್ದ ಮನೆಯನ್ನು ನಾನೂ, ಮದುವೆಯಾಗದೆ ನನ್ನ ಜೊತೆಗಿದ್ದ ಅವನೂ ಸೇರಿ ಕೊಂಡೆವು. ಬಾಡಿಗೆ ಕೇಳಲು ಹೋದಲ್ಲೆಲ್ಲ ಮದುವೆ ಯಾವಾಗ ಆಯಿತು, ಯಾವ ಊರಿನವರು, ಯಾವ ಜನ ಎಂದು ವಿಚಾರಿಸುತ್ತಿದ್ದರು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಮುಂಗಡಕ್ಕೆ ನಾನು 9 ಲಕ್ಷ ಹಾಕಿದೆ, ಅವನು 4 ಲಕ್ಷ ಹಾಕಿದ. ಉಳಿದದ್ದು ಜಂಟಿ ಗೃಹಸಾಲ. ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ ಬಂತು, ಯಾರ ಪಾಲು ಎಷ್ಟು ಎಂಬುದು ಬರಲಿಲ್ಲ.

2019ರ ನವೆಂಬರಿನಲ್ಲಿ ಬೇರೆಯಾದೆವು. ಮನೆ ನನಗೆ, ಮುಂದಿನ ಕಂತುಗಳೂ ನನಗೆ, ಅವನಿಗೆ 7 ಲಕ್ಷ ಎಂದು ಒಂದೇ ಸಂಜೆಯಲ್ಲಿ ಮಾತಾಯಿತು. ನಾನು ತಪ್ಪಿದ್ದು ಅದರ ಮರುದಿನ.

ಪತ್ರ ಬರಹಗಾರರು ಸ್ಪಷ್ಟವಾಗಿಯೇ ಹೇಳಿದ್ದರು. ಹಕ್ಕು ಬಿಡುಗಡೆ ಪತ್ರ ಗಂಡ ಹೆಂಡತಿ, ಅಣ್ಣ ತಮ್ಮಂದಿರ ನಡುವೆ ಆದರೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ನೀವಿಬ್ಬರು ಕಾನೂನಿನ ಲೆಕ್ಕದಲ್ಲಿ ಒಂದು ಕುಟುಂಬವಲ್ಲ, ಅವನ ಪಾಲಿನ ಬೆಲೆಯ ಮೇಲೆ ಮಾರಾಟಕ್ಕೆ ಕಟ್ಟುವಷ್ಟೇ ಕಟ್ಟಬೇಕು. ಲೆಕ್ಕ ಹಾಕಿದರೆ ಒಂದು ಲಕ್ಷಕ್ಕೂ ಮಿಕ್ಕಿ ಬಂತು. 7 ಲಕ್ಷ ಹೊಂದಿಸುವುದೇ ಕಷ್ಟವಾಗಿತ್ತು. ಕೈಯಲ್ಲಿ ಹಣ ಬಂದ ಮೇಲೆ ನೋಂದಣಿ ಮಾಡಿಸಿದರಾಯಿತು ಎಂದುಕೊಂಡೆ. 200 ರೂಪಾಯಿಯ ಛಾಪಾ ಕಾಗದದ ಮೇಲೆ ‘ನನ್ನ ಹಕ್ಕು ಬಿಟ್ಟಿದ್ದೇನೆ’ ಎಂದು ಅವನು ಬರೆದುಕೊಟ್ಟ. ಇಬ್ಬರು ಸಾಕ್ಷಿ, ನೋಟರಿಯ ಸಹಿ, ದುಂಡನೆಯ ಮುದ್ರೆ. 4 ಲಕ್ಷ ಬ್ಯಾಂಕಿನ ಮೂಲಕ ಕೊಟ್ಟೆ, 3 ಲಕ್ಷ ನಗದಾಗಿ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟು ನೆಮ್ಮದಿಯಾಗಿ ಮಲಗಿದೆ.

ಆ ಕಾಗದ ಏನಲ್ಲ ಎಂಬುದನ್ನು ಬಿಡಿಸಿಯೇ ಹೇಳಬೇಕು. ಅದನ್ನು ಬರೆದವನು ಇವನೇ, ಸಹಿ ಇವನದೇ ಎಂದಷ್ಟೇ ನೋಟರಿ ಹೇಳುವುದು. ಮನೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯಿದೆಯ 17ನೇ ಕಲಂ. ಆಗದಿದ್ದರೆ ಅದರಿಂದ ಆಸ್ತಿಯ ಹಕ್ಕು ಬದಲಾಗುವುದಿಲ್ಲ ಎನ್ನುತ್ತದೆ 49ನೇ ಕಲಂ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇಸಿ) ತೆಗೆಸಿದರೆ ಅದರಲ್ಲಿ ನನ್ನ ಕಾಗದದ ಸುಳಿವೂ ಇರಲಿಲ್ಲ. ಹಣ ಕೊಟ್ಟಿದ್ದೆ, ಕಂತು ಕಟ್ಟುತ್ತಿದ್ದೆ, ಆದರೂ ಮನೆ ಅಷ್ಟೂ ದಿನ ಇಬ್ಬರದೇ ಆಗಿತ್ತು.

ಅವನು ಮೋಸ ಮಾಡಲಿಲ್ಲ. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ತೀರಿಕೊಂಡ.

ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವನ ಪಾಲು ಸುರಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದ ಅವನ ತಾಯಿಗೆ ಹೋಯಿತು. ನನ್ನ ಮುಖವನ್ನೂ ನೋಡಿರದ ತಾಯಿ. ಮಳೆಗಾಲದಲ್ಲಿ ತಮ್ಮನ ಮಗನನ್ನು ಕರೆದುಕೊಂಡು ಬಂದರು. ಕುರ್ಚಿ ಹಾಕಿದರೆ ಬೇಡವೆಂದು ಪಡಸಾಲೆಯ ಶಹಾಬಾದ್ ಪರಸಿಯ ಮೇಲೆಯೇ ಕುಳಿತರು. ನಾನು ಬೀರುವಿನಿಂದ ಕಾಗದ ತಂದೆ. ಆ ಹುಡುಗ ಎರಡು ಸಲ ಓದಿ, ‘ಇದು ನೋಂದಣಿ ಆಗಿಲ್ಲವಲ್ಲ ಅಕ್ಕಾ’ ಎಂದ. ಅವರು ಕಾಗದದ ಕಡೆ ನೋಡಲೇ ಇಲ್ಲ. ‘ತಂಗಿ, ಅವನು ಯಾವ ಕೋಣೆಯಲ್ಲಿ ಮಲಗುತ್ತಿದ್ದ?’ ಎಂದು ಕೇಳಿದರು.

ಮೊಕದ್ದಮೆ ಹೂಡಬಹುದು ಎಂದರು ವಕೀಲರು. ಆದರೆ ಕಡಿಮೆ ಮುದ್ರಾಂಕದ ಆ ಕಾಗದವನ್ನು ಸಾಕ್ಷ್ಯವಾಗಿ ಮುಂದಿಡಲು ಬಾಕಿ ಶುಲ್ಕ, ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತಿತ್ತು. ಅವರ ಕಡೆಯವರು ಪಾಲಿಗೆ ದಾವೆ ಹಾಕಿದರೆ, ಮನೆ ಪಾಲಾಗುವಂಥದ್ದಲ್ಲ ಎಂದು 1893ರ ಪಾರ್ಟಿಶನ್ ಕಾಯಿದೆಯಡಿ ನ್ಯಾಯಾಲಯ ಅದನ್ನು ಮಾರಿಸಲೂ ಅವಕಾಶವಿತ್ತು. ಮಗನನ್ನು ಕಳೆದುಕೊಂಡ ಹೆಂಗಸಿನ ಎದುರು ಕಟಕಟೆಯಲ್ಲಿ ನಿಲ್ಲಲು ನನಗೆ ಮನಸ್ಸೂ ಇರಲಿಲ್ಲ. ಇನ್ನೂ 5 ಲಕ್ಷ ಕೊಟ್ಟೆ. ಅಂದು ಉಳಿಸಲು ಹೋದ ಶುಲ್ಕವನ್ನು ಏರಿದ ಬೆಲೆಯ ಮೇಲೆ ಕಟ್ಟಿದೆ. 2022ರಲ್ಲಿ ಉಪನೋಂದಣಿ ಕಚೇರಿಯಲ್ಲಿ ಅವರ ಹೆಬ್ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ. ಹತ್ತಿ ಬಿಡಿಸಿ ಬಿಡಿಸಿ ಗೆರೆಗಳು ಸವೆದಿದ್ದವು. ಸೆರಗಿನಿಂದ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದರು. ನಾಲ್ಕನೆಯ ಸಲಕ್ಕೆ ಆಯಿತು.

ಆದ್ದರಿಂದ ಕೆಳಗಿನದು, ಮೇಲಿನದು ಎಂದು ಹಂಚಿಕೊಳ್ಳುವ ಯೋಚನೆಯನ್ನೇ ಬಿಡಿ. ಒಂದೇ ಮೆಟ್ಟಿಲು, ಒಂದೇ ಕೊಳವೆಬಾವಿ, ಒಂದೇ ಸಾಲ. ನಾಳೆ ಅವರ ಪಾಲಿಗೆ ಬರುವವರು ನಿಮಗೆ ಗುರುತಿಲ್ಲದವರು. ಒಬ್ಬರು ಮನೆ ಇಟ್ಟುಕೊಂಡು ಇನ್ನೊಬ್ಬರಿಗೆ ಹಣ ಕೊಡಿ. ಕೊಡಲು ಶಕ್ತಿಯಿಲ್ಲದಿದ್ದರೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳಿ. ಪತ್ರದಲ್ಲಿ ಪಾಲು ಬರೆದಿಲ್ಲದಿದ್ದರೆ ಹಾಕಿದ ಹಣದ ಪ್ರಮಾಣವನ್ನು ದಾಖಲೆಯಿಂದ ತೋರಿಸಬೇಕು, ತೋರಿಸಲಾಗದಿದ್ದರೆ ಸಮಪಾಲು ಎಂದೇ ಹಿಡಿಯುತ್ತಾರೆ (1882ರ ಆಸ್ತಿ ವರ್ಗಾವಣೆ ಕಾಯಿದೆ, 45ನೇ ಕಲಂ). ಪಾಸ್‌ಬುಕ್‌ಗಳನ್ನು ಈಗಲೇ ತೆಗೆದಿಡಿ. ನಗದು ಕೊಡಬೇಡಿ, ನನ್ನ 3 ಲಕ್ಷಕ್ಕೆ ಇಂದಿಗೂ ಪುರಾವೆಯಿಲ್ಲ. ಬ್ಯಾಂಕಿಗೆ ನೀವು ಬೇರೆಯಾದದ್ದು ಸಂಬಂಧವಿಲ್ಲ, ಸಾಲದಿಂದ ಹೆಸರು ತೆಗೆಯುವವರೆಗೆ ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ.

ಅವರು ಹೊರಡಲು ಇನ್ನೂ ಒಂದು ತಿಂಗಳಿದೆ. ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ತನ್ನಿ, ಶುಲ್ಕಕ್ಕೆ ಸಾಲವಾದರೂ ಮಾಡಿ, ಇಬ್ಬರೂ ಒಟ್ಟಿಗೆ ಹೋಗಿ ಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಋಣಭಾರ ಪತ್ರದಲ್ಲಿ ಅದರ ಸಂಖ್ಯೆಯನ್ನು ಕಣ್ಣಾರೆ ಕಂಡ ಮೇಲೆ ಅವರನ್ನು ಪುಣೆಯ ಬಸ್ ಹತ್ತಿಸಿ.