ಸಂಜೆಯ ಅಳು, ಮಾಳಿಗೆಯ ಓಟ: ಗುಳಿಗಿಯಿಂದ ಮಗನ ಸ್ವಭಾವ ಬದಲಾಯ್ತಾ?

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರು. ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಆರು ತಿಂಗಳಿಂದ ಬೆಳಿಗ್ಗೆ 8ಕ್ಕೆ ಮಿಥೈಲ್‌ಫೆನಿಡೇಟ್ ಗುಳಿಗಿ ಕೊಡುತ್ತಿದ್ದೇವೆ. ಓದು ಸುಧಾರಿಸಿದೆ. ಆದರೆ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತದೆ, ಸಂಜೆ ಸಣ್ಣದಕ್ಕೂ ಅಳುತ್ತಾನೆ. ಆತಂಕಕ್ಕೆಂದು ಮೂರು ವಾರದ ಹಿಂದೆ ಸರ್ಟ್ರಲೀನ್ ಶುರು ಮಾಡಿದರು, ಹತ್ತು ದಿನದ ಹಿಂದೆ ಡೋಸ್ ಏರಿಸಿದರು. ಈಗ ರಾತ್ರಿ 12 ಆದರೂ ಮಲಗುವುದಿಲ್ಲ. ಮಾಳಿಗೆಯ ಕಟ್ಟೆ ಮೇಲೆ ಓಡುತ್ತಾನೆ. ಟೀಚರ್‌ಗೂ ಎದುರು ಮಾತಾಡುತ್ತಾನೆ. ಅತ್ತೆಯವರು ‘ಎಲ್ಲಾ ಗುಳಿಗಿ ಬಂದ್ ಮಾಡು, ತಾಯತ ಕಟ್ಟಿಸೋಣ’ ಅಂತಾರೆ. ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸಂಜೆಯ ಅಳು ಒಂದು, ಮಾಳಿಗೆಯ ಓಟ ಇನ್ನೊಂದು. ಎರಡನೆಯದಕ್ಕೆ ಕಾಯುತ್ತಾ ಕೂರುವಂತಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಸರ್ಟ್ರಲೀನ್‌ನಂಥ ಗುಳಿಗಿ ಶುರುವಾದ ಮೊದಲ ಕೆಲವು ವಾರ, ಇಲ್ಲವೇ ಡೋಸ್ ಏರಿಸಿದ ಮೇಲೆ, ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ. ಕೂತಲ್ಲಿ ಕೂರುವುದಿಲ್ಲ, ಮಾತು ನಿಲ್ಲುವುದಿಲ್ಲ, ನಿದ್ದೆ ಹಾರಿಹೋಗುತ್ತದೆ. ಬೇಡದ ಭಯದ ಜೊತೆಗೆ ಇರಬೇಕಾದ ಹೆದರಿಕೆಯೂ ಹೋಗಿಬಿಡುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳಲ್ಲಿ ಇದು ಜಾಸ್ತಿ. ನಿಮ್ಮ ಮಗನ ದಿನಗಳ ಲೆಕ್ಕ ಇದಕ್ಕೆ ಹೊಂದುತ್ತದೆ. ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಅವರು ಡೋಸ್ ಇಳಿಸುತ್ತಾರೆ ಅಥವಾ ಗುಳಿಗಿ ಬದಲಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಕೆಲವು ದಿನ ಅತಿ ಹುರುಪು, ಕೆಲವು ದಿನ ಅತಿ ಕುಗ್ಗುವಿಕೆ ಬರುವ ಮನಸ್ಸಿನ ಕಾಯಿಲೆ) ಇದ್ದರೆ ಮುಚ್ಚಿಡದೆ ಹೇಳಿ. ಅಲ್ಲಿಯವರೆಗೆ ಮಾಳಿಗೆ ಬಾಗಿಲಿಗೆ ಬೀಗ ಹಾಕಿ.

ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಸರ್ಟ್ರಲೀನ್ ದಿಢೀರ್ ನಿಂತರೆ ತಲೆಸುತ್ತು, ವಾಕರಿಕೆ, ಸಿಡುಕು ಬರಬಹುದು. ಆಗ ಯಾವುದು ಗುಳಿಗಿಯಿಂದ, ಯಾವುದು ನಿಲ್ಲಿಸಿದ್ದರಿಂದ ಅನ್ನೋದೇ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಹೆದರಿಸಲು ಅಲ್ಲ, ಗೊತ್ತಿರಲಿ ಅಂತ. ಈ ಬಗೆಯ ಗುಳಿಗಿಗಳ ಮೇಲೆ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿಸಿತು. ಪ್ರಯೋಗಗಳಲ್ಲಿ ಗುಳಿಗಿ ತಗೊಂಡವರಲ್ಲಿ ಸುಮಾರು 100ಕ್ಕೆ 4 ಮಕ್ಕಳಲ್ಲಿ, ಹೋಲಿಕೆಗೆಂದು ಔಷಧವೇ ಇಲ್ಲದ ಹುಸಿ ಗುಳಿಗಿ ತಗೊಂಡವರಲ್ಲಿ 100ಕ್ಕೆ 2 ಮಕ್ಕಳಲ್ಲಿ ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಂಡಿತ್ತು. ಯಾರೂ ಸತ್ತಿರಲಿಲ್ಲ. ಮಗ ‘ನಾನು ಇರಬಾರದು’ ಎಂಬಂಥ ಮಾತಾಡಿದರೆ, ತನಗೇ ಗಾಯ ಮಾಡಿಕೊಂಡರೆ, ಇಲ್ಲದ್ದು ಕೇಳಿಸುತ್ತಿದೆ ಅಂದರೆ, ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಸಂಜೆಯ ಅಳುವಿಗೆ ಬರೋಣ. ಹಿಂದೊಮ್ಮೆ ಚಿತ್ತಾಪುರ ಕಡೆಯ ತಂದೆಯೊಬ್ಬರು ನನ್ನ ಬಳಿ ಗೋಡೆಯ ಕ್ಯಾಲೆಂಡರನ್ನೇ ಸುತ್ತಿಕೊಂಡು ಬಂದಿದ್ದರು. ಮಗಳು ಅತ್ತ ದಿನಗಳಿಗೆ ಕೆಂಪು ಪೆನ್ನಿನಿಂದ ಸುತ್ತು, ಪಕ್ಕದಲ್ಲಿ ಹೊತ್ತು. ಐದು, ಐದೂ ಕಾಲು, ಪೌಣೆ ಐದು. ಭಾನುವಾರಗಳಲ್ಲಿ ಮಾತ್ರ ಏಳು. ಉಳಿದ ದಿನ ಗುಳಿಗಿ ಕೊಡೋದು 8ಕ್ಕೆ, ಭಾನುವಾರ ಎದ್ದೇಳೋದು ತಡ, ಕೊಡೋದು 10ಕ್ಕೆ. ಗುಳಿಗಿ ಎರಡು ತಾಸು ಸರಿದರೆ ಅಳುವೂ ಎರಡು ತಾಸು ಸರಿದಿತ್ತು! ನಾನು ಅರ್ಧ ತಾಸು ಕೇಳಿದರೂ ಸಿಗದ ಉತ್ತರ ಆ ಕ್ಯಾಲೆಂಡರಿನಲ್ಲಿತ್ತು.

ಮಿಥೈಲ್‌ಫೆನಿಡೇಟ್‌ನ ಸಾದಾ ಗುಳಿಗಿ ಸುಮಾರು 4 ತಾಸು ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವುದು 8ರಿಂದ 12 ತಾಸು. ಅದು ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಸಿಡುಕುತ್ತಾರೆ, ಅಳುತ್ತಾರೆ. ನೀವೂ ಒಂದು ವಾರ ಹೊತ್ತು ಬರೆದಿಡಿ. ದಿನವೂ ಅದೇ ಹೊತ್ತಾದರೆ ಗುಳಿಗಿಯ ಸಮಯ ಅಥವಾ ಬಗೆ ಬದಲಿಸಿ ಸರಿಮಾಡಬಹುದು. ಅದೇ ಇಡೀ ದಿನ ಮಂಕಾಗಿ, ನಗುವೇ ಇಲ್ಲದೆ ಕೂತಿದ್ದರೆ ಡೋಸ್ ಜಾಸ್ತಿ ಆಗಿರಬಹುದು.

ಅಳುವಿನಲ್ಲಿ ಹಸಿವಿನ ಪಾಲೂ ಇದೆ. ಈ ಗುಳಿಗಿ ಹಸಿವು ಕಟ್ಟುತ್ತದೆ, ಅದಕ್ಕೇ ಡಬ್ಬಿ ವಾಪಸ್ ಬರೋದು. ಬೈಯಬೇಡಿ, ಪಾಪ, ಅವನಿಗೆ ನಿಜಕ್ಕೂ ಹಸಿವಾಗಿರುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಿಸಿ ಆಮೇಲೆ ಗುಳಿಗಿ ಕೊಡಿ. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಹಚ್ಚಿ ಸುರುಳಿ ಸುತ್ತಿ ಕೊಟ್ಟರೆ ಸಾಕು. ಶಾಲೆಯಿಂದ ಬಂದ ತಕ್ಷಣ, ಬ್ಯಾಗ್ ಇಳಿಸುವ ಮುಂಚೆಯೇ, ಏನಾದರೂ ತಿನ್ನಲು ಕೊಡಿ. ಹೋಮ್‌ವರ್ಕ್ ಮಾತು ಆಮೇಲೆ. ಎತ್ತರ, ತೂಕ, ಬಿಪಿ ಆಗಾಗ ನೋಡಿಸುತ್ತಿರಿ.

ಟೀಚರ್‌ಗೆ ಎದುರು ಮಾತಾಡಿದ್ದನ್ನು ಮಾತ್ರ ನಾನು ಈಗಲೇ ಅಡ್ಡಪರಿಣಾಮ ಅನ್ನುವುದಿಲ್ಲ. ಏನು ಅಂದ ಎಂದು ಕೇಳಿ ತಿಳಿಯಿರಿ. ಆತಂಕದಿಂದ ಬಾಯಿ ಮುಚ್ಚಿದ್ದ ಹುಡುಗ ‘ಸರ್, ನಂಗೆ ಅರ್ಥ ಆಗಿಲ್ಲ’ ಅಂದಿದ್ದರೆ ಅದು ಗುಣವಾಗುವ ಲಕ್ಷಣ. ಯೋಚನೆಯಿಲ್ಲದೆ ಬಯ್ದಿದ್ದರೆ, ಅದು ಮಾಳಿಗೆಯ ಓಟದ ಲೆಕ್ಕಕ್ಕೆ ಸೇರುತ್ತದೆ.

ನಿಮ್ಮ ಅತ್ತೆಯವರು ಗುಳಿಗಿಯ ಮೇಲೆ ಅನುಮಾನಪಟ್ಟದ್ದು ತಪ್ಪಲ್ಲ. ತಾಯತ ಕಟ್ಟಿಸುವುದಾದರೆ ಕಟ್ಟಿಸಲಿ, ಅದಕ್ಕಾಗಿ ಗುಳಿಗಿ ನಿಲ್ಲುವುದು ಬೇಡ. ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರಕೊಂಡು ಹೋಗಿ. ಸಂಜೆ ಮಗು ಅವರ ಕಣ್ಣೆದುರೇ ಇರುತ್ತದಲ್ವಾ, ಹೊತ್ತು ಹೊತ್ತಿನದ್ದು ಅವರೇ ಹೇಳಲಿ. ಜೊತೆಗೆ ಡಾಕ್ಟರ್ ಚೀಟಿ, ಎರಡೂ ಗುಳಿಗಿಯ ಪಟ್ಟಿ, ನೀವು ಬರೆದಿಟ್ಟ ಹಾಳೆ ಇರಲಿ.