ಹುಬ್ಬಳ್ಳಿ ಅಂದ್ರೆ ಹೂವಿನ ಬಳ್ಳಿನಾ?

'ಹುಬ್ಬಳ್ಳಿಗೆ ಆ ಹೆಸರು ಹೂಬಳ್ಳಿಯಿಂದ ಬಂತಾ? ಹೊಳೆ ಇಲ್ಲ, ಸಮುದ್ರ ಇಲ್ಲ, ಅಷ್ಟು ದೊಡ್ಡ ಊರು ಹೇಗೆ ಬೆಳೀತು?' ಎಂದು ಕೇಳಿದ್ದೀರಿ.

ಹೂಬಳ್ಳಿ ಕಥೆಯನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಚೆಂದದ ಕಥೆ. ಆದರೆ ನನಗೆ ಜಾಸ್ತಿ ಸರಿ ಅನಿಸುವುದು 'ಪುರ್ಬಳ್ಳಿ' ಎಂಬ ಹಳೆಯ ಹೆಸರು. ಹಳಗನ್ನಡದ 'ಪ' ಆಮೇಲೆ 'ಹ' ಆಯಿತು, 'ರ್ಬ' ಇದ್ದದ್ದು 'ಬ್ಬ' ಆಯಿತು. ಪರ್ಬ ಹಬ್ಬವಾಯಿತು, ಪುರ್ಬು ಹುಬ್ಬಾಯಿತು. ಅದೇ ದಾರಿಯಲ್ಲಿ ಪುರ್ಬಳ್ಳಿ ಹುಬ್ಬಳ್ಳಿ ಆಗಬಹುದಲ್ವಾ? ಹೂಬಳ್ಳಿ ಎನ್ನುವವರನ್ನು ಆ 'ಬ್ಬ' ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿ ನೋಡಿ! ರಾಯರ ಹುಬ್ಬಳ್ಳಿ ಎಂಬ ಹೆಸರೂ ಇತ್ತು. 2014ರ ನವೆಂಬರ್ 1ಕ್ಕೆ ಬದಲಾದದ್ದು ಇಂಗ್ಲಿಷಿನ 'ಹುಬ್ಳಿ' ಮಾತ್ರ. ನಮ್ಮ ಬಾಯಲ್ಲಿ ಅದು ಯಾವತ್ತೂ ಹುಬ್ಬಳ್ಳಿಯೇ.

ಇನ್ನು ಹೊಳೆ ಯಾಕಿಲ್ಲ? ಹುಬ್ಬಳ್ಳಿ, ಧಾರವಾಡ ಎರಡೂ ನೀರು ಇಬ್ಭಾಗವಾಗುವ ದಿಣ್ಣೆಯ ಮೇಲಿವೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಬೇಡ್ತಿಯ ಜೊತೆ ಅರಬ್ಬಿ ಸಮುದ್ರ ಸೇರುತ್ತದೆ. ಹುಬ್ಬಳ್ಳಿ ಕಡೆಯ ಮಳೆನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರು, ನೀರು ಹೋಗುವುದು ಎರಡು ಸಮುದ್ರಕ್ಕೆ. ನೆತ್ತಿಯ ಮೇಲೆ ಕೂತ ಊರಿಗೆ ದೊಡ್ಡ ಹೊಳೆ ಎಲ್ಲಿಂದ ಬರಬೇಕು? ಕುಡಿಯುವ ನೀರು ಸವದತ್ತಿ ಕಡೆಯಿಂದ, ಅದೇ ಮಲಪ್ರಭೆಯಿಂದ ಬರುತ್ತದೆ. ನಳ ಬಂತು ಅಂದರೆ ಮನೆಯ ಕೊಡ, ಬಕೆಟ್ ಎಲ್ಲ ತುಂಬಿಸಿಡುವ ಅಭ್ಯಾಸ ಇನ್ನೂ ನಮ್ಮ ಕೈಬಿಟ್ಟಿಲ್ಲ.

ಹಾಗಾದರೆ ಬೆಳೆದದ್ದು ಹೇಗೆ? ಪಶ್ಚಿಮಕ್ಕೆ ಮಲೆನಾಡು, ಅಲ್ಲಿಯ ಕಟ್ಟಿಗೆ, ಅಡಿಕೆ. ಪೂರ್ವಕ್ಕೆ ಎರೆಭೂಮಿ, ಅಲ್ಲಿಯ ಹತ್ತಿ, ಜೋಳ. ಎರಡೂ ಕೈ ಬದಲಾಯಿಸುವ ಜಾಗ ಇದು. ಹೊಳೆ ಇಲ್ಲದಿದ್ದರೂ ಚಕ್ಕಡಿ ದಾರಿಗಳು ಇಲ್ಲಿ ಬಂದು ಕೂಡುತ್ತಿದ್ದವು. ವ್ಯಾಪಾರ ಎಷ್ಟಿತ್ತು ಅಂದರೆ ಇಂಗ್ಲಿಷರು ಇಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಿದ್ದರು, 1673ರಲ್ಲಿ ಮರಾಠರ ಸೈನ್ಯ ಅದನ್ನು ಲೂಟಿ ಮಾಡಿತ್ತು. ಮುಂದೆ ಸವಣೂರು ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರು ಎಂಬ ವ್ಯಾಪಾರಿ ಕೋಟೆಯ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿಸಿದರು. ಹಾಗಾಗಿ ಊರು ಎರಡಾಯಿತು. ಬ್ರಿಟಿಷರಿಗೆ ಸಿಕ್ಕದ್ದೂ ಎರಡು ಕಂತಿನಲ್ಲೇ: 1817ರಲ್ಲಿ ಹಳೇದು, 1820ರಲ್ಲಿ ಹೊಸದು.

ಆಮೇಲೆ ರೈಲು ಬಂತು. 1880ರ ದಶಕದಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾದ ಮೇಲೆ ಸುತ್ತಲಿನ ಊರುಗಳು ಹಿಂದೆ ಬಿದ್ದವು. ಹತ್ತಿ ಬೆಳೆದದ್ದು ಎಲ್ಲೇ ಇರಲಿ, ಹೋಗುವುದು ಹುಬ್ಬಳ್ಳಿ ಮೇಲೆಯೇ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಒಂದೇ ಮಹಾನಗರ ಪಾಲಿಕೆ ಆಯಿತು, 2011ರ ಜನಗಣತಿಯಲ್ಲಿ ಎರಡೂ ಸೇರಿ 9.4 ಲಕ್ಷ ಜನ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಈಗ ಇಲ್ಲೇ ಇದೆ. 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಬ್ಯಾಗ್ ಹೊತ್ತು ನಡೆದವರಿಗೆ ಅದರ ಅರ್ಥ ಗೊತ್ತು.

ಬಂದಾಗ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ, ಚಾಲುಕ್ಯರ ಕಾಲದ್ದು. ಸಂಜೆ ದುರ್ಗದ ಬೈಲಿಗೆ ಬನ್ನಿ. ಹೆಸರಿನ ದುರ್ಗ ಈಗ ಕಾಣುವುದಿಲ್ಲ. ತಿಂಡಿ ಗಾಡಿಗಳು ಮಾತ್ರ ಬೇಕಾದಷ್ಟಿವೆ.