ಕಣ್ಣುಗೂಡಿನ ಬಾವು ಮರಳಿ ಬಂದಾಗ

ಪ್ರಶ್ನೆ: ನನ್ನ ಪತಿಗೆ 46 ವರ್ಷ, ಬೆಟಗೇರಿಯಲ್ಲಿ ನೇಕಾರರು. ಎಡಗಣ್ಣು ಕೆಂಪಾಗಿ ಊದಿ ಮುಂದಕ್ಕೆ ಬಂದಿತ್ತು; ಹೊರಳಿಸಿದರೆ ನೋವು, ಮಗ್ಗದ ಮೇಲಿನ ಒಂದು ಎಳೆ ಎರಡಾಗಿ ಕಾಣುತ್ತಿತ್ತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿ, ಕಣ್ಣುಗೂಡಿನೊಳಗೆ ಉರಿಯೂತವಿದೆಯೆಂದು ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಎರಡೇ ದಿನದಲ್ಲಿ ಗುಣ ಕಂಡಿತು. ಸಕ್ಕರೆ ಏರಿತೆಂದು ಮೂರನೇ ವಾರ ಇವರೇ ಗುಳಿಗೆ ಬಿಟ್ಟರು. ಬಾವು ಮತ್ತೆ ಬಂದಿದೆ. ಈಗ ಬಯಾಪ್ಸಿ ಮಾಡಬೇಕೆನ್ನುತ್ತಾರೆ. ಇದು ಕ್ಯಾನ್ಸರೇ?
- ಓದುಗರು, ಗದಗ

ಉತ್ತರ: ಬಯಾಪ್ಸಿ (ಬಾವಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ, ಆದರೆ ವೈದ್ಯರ ಸಲಹೆ ಸರಿಯಾಗಿದೆ. ಕಾರಣ ತಿಳಿಯದ ಈ ಉರಿಯೂತ ಸ್ಟಿರಾಯ್ಡಿಗೆ ಬೇಗ ಬಗ್ಗುತ್ತದೆ ನಿಜ. ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಅದೇ ಗುಳಿಗೆಗೆ ಕೆಲವು ದಿನ ಕುಗ್ಗಬಲ್ಲದಾದ್ದರಿಂದ, ಬೇಗ ಗುಣ ಕಂಡಿತೆಂಬುದೊಂದೇ ರೋಗವನ್ನು ಖಚಿತಪಡಿಸುವುದಿಲ್ಲ. ಇಂಥದೇ ಬಾವು ತರುವ ಬೇರೆ ಕಾರಣಗಳನ್ನು ಹುಡುಕುವ ಥೈರಾಯ್ಡ್ ಮತ್ತು ಐಜಿಜಿ4 (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆಗಳು ಆಗಿವೆಯೇ ಎಂದೂ ಕೇಳಿರಿ.

ಉರಿಯೂತವೆಂದೇ ಖಚಿತವಾದರೆ ಚಿಕಿತ್ಸೆಗೆ ತಾಳ್ಮೆ ಬೇಕು. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡಿನಿಂದ ಆರಂಭಿಸಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಹಂತಹಂತವಾಗಿ ಇಳಿಸುತ್ತಾರೆ. ನೋವು ಹೋದರೂ ಒಳಗಿನ ಉರಿಯೂತ ಆರಿರುವುದಿಲ್ಲ. ಬೇಗ ಬಿಟ್ಟರೆ ಬಾವು ಮರುಕಳಿಸುವುದು ಅದಕ್ಕೇ. ಜೊತೆಗೆ, ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದ್ದಾಗ ಸುಮ್ಮನಾದ, ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗಳು ಕೂಡಲೇ ಎಚ್ಚರಗೊಳ್ಳದೆ ತಲೆಸುತ್ತು, ವಾಂತಿ, ವಿಪರೀತ ಸುಸ್ತು ಕಾಣಿಸಬಹುದು. ಸಕ್ಕರೆ ಏರಿದ್ದು ಸಣ್ಣ ಮಾತಲ್ಲ, ಆದರೆ ಅದಕ್ಕೆ ಪ್ರತ್ಯೇಕ ಔಷಧವಿದೆ. ಸ್ಟಿರಾಯ್ಡ್ ಇಳಿಸಿದಾಗಲೆಲ್ಲ ಬಾವು ಮರಳಿದರೆ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್‌ನಂಥ ಔಷಧಗಳನ್ನು ಸೇರಿಸುತ್ತಾರೆ. ಅದಕ್ಕೂ ಬಗ್ಗದವರಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧ ಅಥವಾ ಅಲ್ಪ ಪ್ರಮಾಣದ ವಿಕಿರಣ ಚಿಕಿತ್ಸೆ ಇದೆ. ಈ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಮೊದಲೇ ನೋಡಿಕೊಳ್ಳಬೇಕು.

ನನಗೆ ಹೆಚ್ಚು ಚಿಂತೆ ಇರುವುದು ದೃಷ್ಟಿಯದು. ಕಣ್ಣುಗೂಡು ಎಲುಬಿನಿಂದ ಆವೃತವಾಗಿದ್ದು ಮುಂದೆ ಮಾತ್ರ ತೆರೆದಿದೆ; ಒಳಗೆ ಬಾವು ಬೆಳೆದರೆ ಗುಡ್ಡೆ ಮುಂದಕ್ಕೆ ಬರುತ್ತದೆ, ಹಿಂದಿರುವ ದೃಷ್ಟಿನರ ಒತ್ತಿಹೋಗಬಹುದು. ಮನೆಯಲ್ಲಿರುವ ಕೆಂಪು ನೂಲಿನ ಲಡಿಯನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಎಡಗಣ್ಣಿಗೆ ಆ ಕೆಂಪು ಮಾಸಿದಂತೆ ಕಂಡರೆ, ನೋಟ ಮಂಜಾದರೆ ಅಥವಾ ಜ್ವರ ಬಂದರೆ ಅದೇ ದಿನ ಹುಬ್ಬಳ್ಳಿಗೆ ಕರೆದೊಯ್ಯಿರಿ. ಇಲ್ಲವಾದರೂ ಈ ವಾರವೇ ವೈದ್ಯರನ್ನು ಕಂಡು, ಗುಳಿಗೆ ಬಿಟ್ಟ ದಿನವನ್ನು ಮುಚ್ಚಿಡದೆ ತಿಳಿಸಿರಿ. ಉಳಿದ ಗುಳಿಗೆಗಳನ್ನು ಅವರನ್ನು ಕೇಳದೆ ಮತ್ತೆ ಆರಂಭಿಸಬೇಡಿರಿ. ಬಯಾಪ್ಸಿಗೆ ಮುಂಚೆ ಸ್ಟಿರಾಯ್ಡ್ ಸೇವಿಸಿದರೆ ತೆಗೆದ ತುಣುಕಿನಲ್ಲಿ ರೋಗದ ಗುರುತೇ ಸಿಗದಿರಬಹುದು.